ಅರ್ಧ ಕೂಲೆಂಟು, ಅರ್ಧ ನೀರು

"ಯಾವ ಬಣ್ಣದ್ದು ಹಾಕ್ಲಿ ಸಾರ್, ಹಸಿರೋ ಕೆಂಪೋ?" ಎಂದು ಮೆಕ್ಯಾನಿಕ್ ಕೇಳಿದ್ದೇ ತಡ, ಅವನಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತಮೂರು ವರ್ಷದ ಕಾರಿನ ಬಾನೆಟ್ ಎತ್ತಿ ನಿಲ್ಲಿಸಿಕೊಂಡು, ಎಂಜಿನ್ ತಣ್ಣಗಿಡುವ ಕೂಲೆಂಟಿಗೆ ಬಟ್ಟೆ ಅಂಗಡಿಯವನ ಹಾಗೆ ಬಣ್ಣ ಕೇಳುತ್ತಾನೆ. ಬಣ್ಣದಲ್ಲಿ ಏನಿದೆ? ಅದನ್ನು ಕಂಪನಿಯವರು ಕೊನೆಗೆ ಬೆರೆಸುತ್ತಾರೆ, ಒಬ್ಬನ ಹಸಿರು ಇನ್ನೊಬ್ಬನ ನೀಲಿ. ಓದಬೇಕಾದ್ದು ಡಬ್ಬಿಯ ಹಿಂದಿನ ಸಣ್ಣ ಅಕ್ಷರ. ಹಳೆಯ ಕಾರು, ತಾಮ್ರ ಹಿತ್ತಾಳೆಯ ರೇಡಿಯೇಟರು, ಸೀಸದ ಬೆಸುಗೆ. ಇದಕ್ಕೆ ಹಳೆಯ ಕಾಲದ ಕೂಲೆಂಟೇ ಆಗಬೇಕು, ಎರಡು ವರ್ಷಕ್ಕೊಮ್ಮೆ ಪೂರ್ತಿ ಇಳಿಸಿ ಬದಲಾಯಿಸುವಂಥದ್ದು. ಐದು ವರ್ಷ ಬಾಳುತ್ತದೆಂಬ ಆಸೆಗೆ ಹೊಸ ಕಾರುಗಳದ್ದನ್ನು ತಂದು ಸುರಿದರೆ ಅದು ಬೆಸುಗೆಯನ್ನೇ ತಿಂದುಹಾಕುತ್ತದೆ. ಎರಡನ್ನೂ ಬೆರೆಸಿದರೆ ಕೆಸರಿನಂಥ ಗಸಿ ಕಟ್ಟಿ ಕೊಳವೆಗಳ ಬಾಯಿ ಮುಚ್ಚುತ್ತದೆ. ಕೂಲೆಂಟು ಅರ್ಧ, ನೀರು ಅರ್ಧ. ನೀರೆಂದರೆ ನಲ್ಲಿಯದಲ್ಲ, ಬಟ್ಟಿ ಇಳಿಸಿದ ನೀರು. ತುಂಬಿದ ಮೇಲೆ ಮುಚ್ಚಳ ತೆಗೆದಿಟ್ಟೇ ಎಂಜಿನ್ ಓಡಿಸಿ ಒಳಗಿನ ಗಾಳಿಯ ಗುಳ್ಳೆಗಳೆಲ್ಲ ಹೊರಗೆ ಬರುವ ತನಕ ಕಾಯಬೇಕು. ಇಷ್ಟನ್ನೂ ಅವನು ಬಿಡಿಸಿ ಬಿಡಿಸಿ ಹೇಳಿದ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಹಸಿರು ಅನ್ನಿ" ಎಂದ.

ಕೂಲೆಂಟ್ ಹಾಕಿಸುವುದು ಇವತ್ತಿನ ಮುಖ್ಯ ಕೆಲಸವೇ ಆಗಿರಲಿಲ್ಲ. ಕಾಲೇಜಿಗೆ ಅರ್ಧ ದಿನ ರಜೆ ಹಾಕಿ, ನಾಲ್ಕು ತಿಂಗಳಿಂದ ಮನೆಯ ಮುಂದೆ ಯಾರಿಗೂ ಮುಟ್ಟಲು ಬಿಡದೆ ನಿಲ್ಲಿಸಿದ್ದ ಕಾರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಬಂದದ್ದು ಪುರಾವೆಗಾಗಿ. ರೇಡಿಯೇಟರನ್ನು ಬಿಚ್ಚಿಸಬೇಕು, ಒಳಗಿರುವುದನ್ನು ಕಣ್ಣಾರೆ ನೋಡಬೇಕು, ಫೋಟೋ ತೆಗೆದು ಮಗಳಿಗೆ ಕಳಿಸಬೇಕು. 'ನನ್ನ ಗಂಡನ ಹತ್ತಿರ ತಪ್ಪಾಯ್ತು ಅಂತ ಹೇಳಿ, ಆಮೇಲೆ ಮಗು ನೋಡೋಕೆ ಬನ್ನಿ' ಎಂದು ಷರತ್ತು ಹಾಕಿ ಹೋದವಳು ಅವಳು. ತಪ್ಪು ಮಾಡಿದವನು ಅಳಿಯ, ಕ್ಷಮೆ ಕೇಳಬೇಕಾದವನು ತಾನು. ಇದು ಯಾವ ಸೀಮೆಯ ನ್ಯಾಯ? ತಾನಾಗಿಯೇ ದಾರಿಗೆ ಬರುತ್ತಾಳೆಂದು ನಾಲ್ಕು ತಿಂಗಳು ಹಲ್ಲು ಕಚ್ಚಿಕೊಂಡು ಕಾದಿದ್ದ. ನಿನ್ನೆ ಹೆಂಡತಿ ಫೋನಿನಲ್ಲಿ, "ಬೋರಲು ಬಿದ್ಲಾ? ಯಾವಾಗ? ತಲೆ ಎತ್ತುತ್ತಾಳಾ?" ಎಂದು ಪಿಸುಗುಟ್ಟುವುದು ಕೇಳಿಸಿತು. ಅವನು ಒಳಗೆ ಬಂದ ಕೂಡಲೇ ಅವಳು, "ಸರಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟಳು. ತನ್ನ ಮೊಮ್ಮಗಳು ಬೋರಲು ಬಿದ್ದ ಸುದ್ದಿಯನ್ನು ತನ್ನದೇ ಮನೆಯಲ್ಲಿ ಕದ್ದು ಕೇಳಬೇಕು. ರಾತ್ರಿಯಿಡೀ ಅದೇ ಕುಟುಕುತ್ತಿತ್ತು.

ಮೆಕ್ಯಾನಿಕ್ ರೇಡಿಯೇಟರನ್ನು ಹೊರಗೆಳೆದು ಕಲ್ಲಿನ ಮೇಲೆ ಮಲಗಿಸಿದ. ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಲು ಗ್ಯಾಸಿನ ಉರಿ ಹಿಡಿದ. ಶೆಡ್ಡಿನ ತಗಡಿನ ಗೋಡೆಯ ಮೇಲೆ ಗ್ರೀಸಿನ ಬೆರಳಚ್ಚುಗಳು, ಮೊಳೆಗೆ ಸಿಕ್ಕಿಸಿದ ಹಳೆಯ ಬೆಲ್ಟುಗಳು, ಮೂಲೆಯಲ್ಲಿ ಚಹಾದ ಒಲೆ. ಒಂದು ಡಬ್ಬಿಗೂ ಚೀಟಿಯಿಲ್ಲ. ಯಾವುದು ಬ್ರೇಕಿನ ಎಣ್ಣೆ ಯಾವುದು ಗೇರಿನ ಎಣ್ಣೆ ಎಂದು ಈ ಮನುಷ್ಯ ಮೂಸಿ ನೋಡಿ ಹೇಳುತ್ತಾನೇನೋ. ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ಸಹಾಯಕನಾಗಿ, ಒಂದು ಸೀಸೆಯನ್ನೂ ಚೀಟಿ ಅಂಟಿಸದೆ ಕಪಾಟಿಗೇರಿಸಿದವನಲ್ಲ ಅವನು. ಹುಡುಗರು ಹಿಂದಿನಿಂದ 'ಲೇಬಲ್ಲು' ಎನ್ನುತ್ತಾರೆಂದು ಗೊತ್ತು. ಅನ್ನಲಿ. ಕಾರಿಗೆಂದು ಲ್ಯಾಬಿನಿಂದ ವರ್ಷಕ್ಕೊಮ್ಮೆ ಐದು ಲೀಟರ್ ಬಟ್ಟಿ ಇಳಿಸಿದ ನೀರು ಒಯ್ಯಲು ಪ್ರಿನ್ಸಿಪಾಲರಿಂದ ಲಿಖಿತ ಅನುಮತಿ ಪಡೆದವನು ಅವನೊಬ್ಬನೇ. ಆ ಕಾಗದ ನೋಡಿ ಪ್ರಿನ್ಸಿಪಾಲರು ನಕ್ಕಿದ್ದರು, ಪಕ್ಕದಲ್ಲಿ ನಿಂತಿದ್ದ ಗುಮಾಸ್ತನೂ ನಕ್ಕಿದ್ದ. ನೀರಿಗೂ ಅರ್ಜಿಯೇನ್ರೀ ಎಂದಿದ್ದರು. ಕೇಳದೆ ಒಯ್ದರೆ ಕಳ್ಳ, ಕೇಳಿ ಒಯ್ದರೆ ಕೋಡಂಗಿ; ಹಾಗಾದರೆ ಸರಿಯಾಗಿ ಬದುಕುವವನು ಎಲ್ಲಿಗೆ ಹೋಗಬೇಕು? ಆ ನೀರು ಮನೆಗೆ ಬಂದ ಮೇಲೆ ಬಿಳಿಯ ಕ್ಯಾನಿನಲ್ಲಿ, ಹಿತ್ತಲ ಬಾಗಿಲ ಪಕ್ಕದ ಕಟ್ಟೆಯ ಮೇಲೆ. ಕ್ಯಾನಿಗೆ ಚೀಟಿ: ಬಟ್ಟಿ ಇಳಿಸಿದ ನೀರು, ಕೇಳದೆ ಮುಟ್ಟಬಾರದು.

ಅಳಿಯ ಮುಟ್ಟಿದ. ಮಗಳು ಹೆರಿಗೆಗೆ ಬಂದಿದ್ದ ದಿನಗಳು ಅವು. ಒಂದು ಭಾನುವಾರ ಯಾರೂ ಹೇಳದಿದ್ದರೂ ಅಳಿಯ ಕಾರು ತೊಳೆಯಲು ನಿಂತ. ಬಾನೆಟ್ ಎತ್ತಿ, ಕೂಲೆಂಟಿನ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಇಳಿದದ್ದು ಕಂಡು ನೀರು ತುಂಬಿಸಿದ. ಮಾವ ಪೇಟೆಯಿಂದ ಬಂದಾಗ, "ಸ್ವಲ್ಪ ಇಳಿದಿತ್ತು ಮಾವ, ಹಾಕಿದ್ದೀನಿ" ಎಂದು ಉಪಕಾರ ಮಾಡಿದವನ ಮುಖ ಮಾಡಿಕೊಂಡು ಹೇಳಿದ. ಇಳಿದಿದ್ದರೆ ಯಾಕೆ ಇಳಿಯಿತು ಎಂದು ಹುಡುಕಬೇಕು, ಕೊಳವೆ ಹಿಸುಕಿ ನೋಡಬೇಕು, ಮುಚ್ಚಳದ ರಬ್ಬರು ನೋಡಬೇಕು. ಅದೇ ವಾರ, ಇಪ್ಪತ್ತು ದಿನದ ಮಗುವನ್ನು ಡಾಕ್ಟರಿಗೆ ತೋರಿಸಿಕೊಂಡು ವಾಪಸ್ಸು ಬರುವಾಗ ನಡುಹಗಲಲ್ಲಿ ಕಾರು ಹಬೆಯೆಬ್ಬಿಸಿ ನಿಂತುಬಿಟ್ಟಿತು. ಹಸಿ ಬಾಣಂತಿ ಕೂಸನ್ನು ಎದೆಗವಚಿಕೊಂಡು ಒಂದೂವರೆ ಗಂಟೆ ರಸ್ತೆ ಬದಿಯಲ್ಲಿ, ಜಾಹೀರಾತಿನ ಹಲಗೆಯೊಂದರ ನೆರಳಿನಲ್ಲಿ. ಅವನಿಗೆ ಅದು ಗೊತ್ತಾದದ್ದು ಸಂಜೆ. ಅಳಿಯನ ಅಪ್ಪ ಅಮ್ಮ ಮಗು ನೋಡಲು ಬಂದಿದ್ದರು, ಎಲ್ಲರೂ ಊಟಕ್ಕೆ ಕೂತಿದ್ದರು, ಅವನ ತಟ್ಟೆಯಲ್ಲಿ ಅನ್ನ ಆರುತ್ತಿತ್ತು.

"ಯಾವ ನೀರು ಹಾಕಿದೆ ಅದಕ್ಕೆ?" ಎಂದು ಕೇಳಿದ್ದ. ಅಳಿಯನನ್ನು ಅಲ್ಲಿಯವರೆಗೆ ನೀವು ಎನ್ನದೆ ಮಾತಾಡಿಸಿದವನಲ್ಲ. ಬೀಗರ ಎದುರಿಗೆ ಏಕವಚನ ಬಂದುಬಿಟ್ಟಿತು, ಬಂದದ್ದನ್ನು ಹಿಂದೆಳೆದುಕೊಳ್ಳಲು ಮನಸ್ಸಾಗಲಿಲ್ಲ.

"ಕ್ಯಾನಿಂದು ಮಾವ."

"ಕ್ಯಾನಿಂದು ಹಾಕಿದ್ರೆ ಹೀಗಾಗ್ತಾನೇ ಇರ್ಲಿಲ್ಲ. ನಲ್ಲಿ ನೀರು ಹಾಕಿದ್ದೀಯ. ಸೋಮಾರಿತನ. ಹಿತ್ತಲ ತನಕ ಹೋಗೋಕೆ ಸೋಮಾರಿತನ. ಒಪ್ಕೋ."

ಅಳಿಯ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ತಟ್ಟೆ ನೋಡುತ್ತ, "ಆಯ್ತು ಮಾವ. ನಲ್ಲಿ ನೀರೇ" ಎಂದ.

ಒಪ್ಪಿಕೊಂಡ. ಸ್ವಂತ ಬಾಯಿಂದ, ಐದು ಜನರ ಎದುರಿಗೆ. ನಾಲ್ಕು ತಿಂಗಳಿಂದ ಅವನು ಕಾಲೂರಿ ನಿಂತದ್ದು ಆ ಒಂದು ಮಾತಿನ ಮೇಲೆ. ಒಪ್ಪಿಕೊಂಡ ಮೇಲೆ ಬಿಡಬಹುದಿತ್ತು. ಬಿಡಲಿಲ್ಲ. ಒಪ್ಪಿಕೊಂಡವನನ್ನು ಕಂಡರೆ ಅವನಿಗೆ ಇನ್ನೂ ರೊಚ್ಚು ಬರುತ್ತಿತ್ತು, ಯಾಕೆಂದು ತಿಳಿಯದು. ಹೆತ್ತ ಕೂಸಿನ ಮೇಲೆ ಕರುಳಿಲ್ಲದವನು ಎಂದ. ನಿಮ್ಮ ಮನೆಯಲ್ಲಿ ಒಂದು ಕೆಲಸವನ್ನಾದರೂ ನೆಟ್ಟಗೆ ಮಾಡಲು ಕಲಿಸಲಿಲ್ಲವೇ ಎಂದು ಅಳಿಯನಿಗೆ ಹೇಳುವ ನೆಪದಲ್ಲಿ ಬೀಗರಿಗೂ ತಾಗುವಂತೆ ಅಂದ. ಅಳಿಯ ಅರ್ಧ ಊಟಕ್ಕೆ ಎದ್ದ, ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟು ಹೊರಗೆ ನಡೆದ. ಮರುದಿನ ಬೆಳಿಗ್ಗೆ ಮಗಳು ಮಗುವನ್ನು ಸುತ್ತಿಕೊಂಡು ಹೊರಟಾಗ ಅವನು ಪೇಪರು ಓದುತ್ತಿದ್ದ. ಪೇಪರಿನಲ್ಲಿ ಏನಿತ್ತೋ ದೇವರಿಗೇ ಗೊತ್ತು. ಆ ಹಾಳೆಯನ್ನು ಮಗುಚಲೂ ಇಲ್ಲ.

"ಸಾರ್, ಬನ್ನಿ ನೋಡಿ" ಎಂದ ಮೆಕ್ಯಾನಿಕ್.

ತೊಟ್ಟಿ ಬಿಚ್ಚಿಕೊಂಡಿತ್ತು. ಸಾಲು ಕೊಳವೆಗಳ ಬಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿದ್ದವು. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವಂಥ ಬೂದುಬಿಳಿ ಹಕ್ಕಳೆ. ಮೆಕ್ಯಾನಿಕ್ ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಚೂರು ಚೂರಾಗಿ ಬಂತು. ಅವನಿಗೆ ಎದೆಯಲ್ಲಿ ಒಂದು ಸುಖ ಎದ್ದಿತು. ಇಷ್ಟು ದಿನ ಅನುಭವಿಸದಿದ್ದ, ಸ್ವಲ್ಪ ಅಸಹ್ಯವೂ ಆದ ಸುಖ. ಫೋನ್ ತೆಗೆದು ಮೂರು ಫೋಟೋ ಹಿಡಿದ, ಚೆನ್ನಾಗಿ ಬಂದದ್ದನ್ನು ಆರಿಸಿದ, ಕೆಳಗೆ ಬರೆದ: 'ನಿನ್ನ ಗಂಡನ ನಲ್ಲಿ ನೀರಿನ ಫಲ. ಈಗ ಹೇಳು ಯಾರು ಯಾರಿಗೆ ತಪ್ಪಾಯ್ತು ಅನ್ನಬೇಕು.' ಕಳಿಸಿದ. ಅರ್ಧ ನಿಮಿಷದೊಳಗೆ ಅವಳು ನೋಡಿದ ಗುರುತು ಬಂತು. ಉತ್ತರ ಬರಲಿಲ್ಲ. ಬರಲಿ, ಬಾರದಿರಲಿ.

"ಯಾರು ಸಾರ್ ಇದಕ್ಕೆ ನೀರು ಹಾಕ್ತಿದ್ದದ್ದು?" ಮೆಕ್ಯಾನಿಕ್ ಹಕ್ಕಳೆಯ ಚೂರೊಂದನ್ನು ಬೆರಳ ನಡುವೆ ತಿರುಗಿಸುತ್ತಿದ್ದ.

"ನಾಲ್ಕು ತಿಂಗಳ ಹಿಂದೆ ನನ್ನ ಅಳಿಯ ಹಾಕಿದ."

"ಅದಲ್ಲ ಸಾರ್. ಇದು ನಾಲ್ಕು ತಿಂಗಳದ್ದಲ್ಲ, ಒಂದು ಚೊಂಬು ನೀರಿನದ್ದೂ ಅಲ್ಲ. ಐದಾರು ವರ್ಷದ್ದು. ಪದರ ನೋಡಿ. ಪ್ರತಿ ಸಲ ಗಡಸು ನೀರೇ ಬಿದ್ದಿದೆ. ವರ್ಷಾ ವರ್ಷಾ ಯಾರು ಹಾಕ್ತಿದ್ರು?"

"ನಾನೇ" ಎಂದ. ಮತ್ತೆ, "ನಾನು ಹಾಕೋದು ಡಿಸ್ಟಿಲ್ಡ್ ವಾಟರ್" ಎಂದ.

"ಇರಬಹುದು ಸಾರ್" ಎಂದ ಮೆಕ್ಯಾನಿಕ್, ಹಠ ಹಿಡಿದ ಮಗುವಿಗೆ ಹೂಂಗುಟ್ಟುವ ದನಿಯಲ್ಲಿ.

ಆ 'ಇರಬಹುದು' ಅವನ ನೆತ್ತಿಗೇರಿತು. ಇರಬಹುದು ಎಂದರೇನು? ಲ್ಯಾಬಿನವನ ಮುಂದೆ ಇರಬಹುದು ಎನ್ನುವುದೆಂದರೇನು? ಡಿಕ್ಕಿಯಿಂದ ಬಿಳಿಯ ಕ್ಯಾನು ತಂದ. ಇವತ್ತು ಹೊಸ ಕೂಲೆಂಟಿಗೆ ಬೆರೆಸಲೆಂದು ಮನೆಯಿಂದ ತಂದಿದ್ದು, ಮುಕ್ಕಾಲು ತುಂಬಿತ್ತು. ಮೆಕ್ಯಾನಿಕ್ಕಿನ ಹತ್ತಿರ ಬ್ಯಾಟರಿಗೆ ಹಾಕುವ ನೀರಿನ ಸೀಲು ಒಡೆಯದ ಬಾಟಲಿಯಿತ್ತು. ಚಹಾದ ಪಾತ್ರೆಯ ಸ್ಟೀಲಿನ ಮುಚ್ಚಳವನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿ, ಒಲೆಯ ಮೇಲಿಟ್ಟು, ಬಲಗಡೆ ಬಾಟಲಿಯ ನಾಲ್ಕು ಹನಿ, ಎಡಗಡೆ ಕ್ಯಾನಿನ ನಾಲ್ಕು ಹನಿ ಬಿಟ್ಟ. "ಶುದ್ಧ ನೀರು ಆವಿಯಾದ ಮೇಲೆ ಏನೂ ಉಳಿಯಲ್ಲ, ನೋಡ್ತಿರಿ" ಎಂದು ಪಾಠ ಹೇಳುವ ದನಿಯಲ್ಲಿ ಅಂದ. ಹನಿಗಳು ಸುರುಟಿಕೊಂಡವು, ಕುದಿದವು, ಹೋದವು. ಬಲಗಡೆ ಮುಚ್ಚಳ ಹೊಳೆಯುತ್ತಿತ್ತು. ಎಡಗಡೆ ಒಂದು ಬಿಳಿಯ ಉಂಗುರ ಉಳಿದಿತ್ತು. ಬೆರಳಿಂದ ಒರೆಸಿ ನೋಡಿದ, ಬೆರಳು ಸುಟ್ಟಿತು. ಮತ್ತೆ ನಾಲ್ಕು ಹನಿ ಬಿಟ್ಟ. ಮತ್ತೆ ಉಂಗುರ. ಮೂರನೆಯ ಸಲ ಬಿಡಲು ಹೋದಾಗ ಮೆಕ್ಯಾನಿಕ್ ಒಲೆ ಆರಿಸಿ, "ಬಿಡಿ ಸಾರ್, ನಾನು ತೊಳೆದು ಕಟ್ಟಿ ಇಡ್ತೀನಿ, ಸಂಜೆ ಬನ್ನಿ. ಬೇಕಿದ್ರೆ ನಿಮಗೂ ಒಂದು ಲೀಟರ್ ಕೂಲೆಂಟ್ ಹಾಕಿ ಕಳಿಸ್ತೀನಿ" ಎಂದು ನಕ್ಕ. ಸಿಟ್ಟಿನವರಿಗೆ ಎಲ್ಲರೂ ಹೇಳುವ ಜೋಕು. ಅವನು ಕ್ಯಾನು ಎತ್ತಿಕೊಂಡು ರಸ್ತೆಗಿಳಿದ.

ಮನೆಗೆ ಇಪ್ಪತ್ತು ನಿಮಿಷದ ನಡಿಗೆ. ಬಿಸಿಲಿಗೆ ಕ್ಯಾನು ಹೊಳೆಯುತ್ತಿತ್ತು, ಒಳಗೆ ನೀರು ತುಳುಕುತ್ತಿತ್ತು, ಸುರಿದುಬಿಡಲು ಕೈ ಬರಲಿಲ್ಲ. ಮೊದಲು ಲ್ಯಾಬಿನ ಬಟ್ಟಿ ಯಂತ್ರದ ಮೇಲೆ ಸಿಟ್ಟು ಬಂತು. ಆದರೆ ಅದೇ ನೀರಿನಿಂದ ದಿನಾ ಹುಡುಗರು ಪ್ರಯೋಗ ಮಾಡುತ್ತಾರೆ, ಎಲ್ಲ ಸರಿಯಾಗಿಯೇ ಬರುತ್ತದೆ. ಆಮೇಲೆ ಕ್ಯಾನು ಮಾರಿದವನ ಮೇಲೆ. ಆಮೇಲೆ ಅಳಿಯನ ಮೇಲೆಯೇ ಮತ್ತೆ, ಬೇಕೆಂದೇ ಇಡೀ ಕ್ಯಾನು ಬದಲಾಯಿಸಿದ್ದಾನೇನೋ ಎಂದು. ಅಳಿಯ ಬಂದು ವರ್ಷ ಎರಡಾಗಿಲ್ಲ, ಹಕ್ಕಳೆ ಐದು ವರ್ಷದ್ದು. ಸಿಟ್ಟಿಗೆ ಇಳಿಯಲೊಂದು ಜಾಗ ಬೇಕಾಗಿತ್ತು, ಬೀದಿಯುದ್ದಕ್ಕೂ ಹುಡುಕುತ್ತಾ ಬಂದ. ಎರಡು ವರ್ಷಕ್ಕೊಮ್ಮೆಯ ಆ ಭಾನುವಾರಗಳು ಕಣ್ಣೆದುರಿಗೆ ಬಂದವು. ಲ್ಯಾಬಿನ ಅಳತೆಯ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅರ್ಧ ಕೂಲೆಂಟು ಅರ್ಧ ನೀರು ಅಳೆಯುವಾಗ, ಒಂದು ಹನಿ ಹೆಚ್ಚಾಗದಂತೆ ಉಸಿರು ಬಿಗಿಹಿಡಿಯುವಾಗ, ಎದುರಿಗೆ ಆಲಿಕೆ ಹಿಡಿದು ನಿಂತಿರುತ್ತಿದ್ದವಳು ಹೆಂಡತಿ. 'ನೋಡು, ಎಷ್ಟು ತಿಳಿಯಾಗಿದೆ' ಎಂದು ಅವನು ಹೇಳುತ್ತಿದ್ದ. 'ಹೂಂ' ಎನ್ನುತ್ತಿದ್ದಳು. ಆ 'ಹೂಂ'ಗೂ ಮೆಕ್ಯಾನಿಕ್ಕಿನ 'ಇರಬಹುದು'ಗೂ ಒಂದೇ ದನಿ ಎಂದು ತಿರುವಿನ ದಿನಸಿ ಅಂಗಡಿಯ ಮುಂದೆ ಹೊಳೆಯಿತು. ಅಲ್ಲಿಯೇ ನಿಂತ. ಅಂಗಡಿಯವನು, "ಏನು ಬೇಕಿತ್ತು?" ಎಂದ.

ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವನು ಕ್ಯಾನನ್ನು ಅವಳ ಪಕ್ಕದ ಕಟ್ಟೆಯ ಮೇಲೆ ಇಟ್ಟ.

"ಇದು ಯಾವ ನೀರು?"

ಅವಳು ಕ್ಯಾನು ನೋಡಿದಳು, ಅವನ ಮುಖ ನೋಡಿದಳು. ಸುಳ್ಳು ಹೇಳಲು ತಯಾರಾದದ್ದು ಕಂಡಿತು, ಆಮೇಲೆ ಬೇಸತ್ತು ಅದನ್ನು ಬಿಟ್ಟದ್ದೂ ಕಂಡಿತು. "ನಲ್ಲೀದು" ಎಂದಳು.

"ಎಷ್ಟು ವರ್ಷದಿಂದ?"

"ಲೆಕ್ಕ ಇಟ್ಟಿಲ್ಲ. ಮೊದಲ ಸಲ ಕಾಲಿಗೆ ತಾಗಿ ಬಿದ್ದು ಅಷ್ಟೂ ಚೆಲ್ಲಿಹೋಯ್ತು. ನೀವು ಮಲಗಿದ್ರಿ. ನಲ್ಲೀಲಿ ಹಿಡಿದು ಇಟ್ಟೆ. ನೋಡೋಕೆ ಎರಡೂ ಒಂದೇ ಥರ ಇತ್ತು."

"ಹೇಳಬಹುದಿತ್ತಲ್ಲ."

"ಅದರ ಹಿಂದಿನ ವಾರ ಮುಚ್ಚಳ ಸಡಿಲ ಬಿಟ್ಟಿದ್ದೆ ಅಂತ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಕೂಗಾಡಿದ್ರಿ. ಮುಚ್ಚಳಕ್ಕೇ ಅಷ್ಟಾದ್ರೆ ನೀರಿಗೆಷ್ಟು ಅಂದ್ಕೊಂಡೆ." ಅವಳು ಕೈಯಲ್ಲಿದ್ದ ತಟ್ಟೆಯನ್ನು ತೊಳೆಯುತ್ತಲೇ ಇದ್ದಳು, ತೊಳೆದಾಗಿದ್ದ ತಟ್ಟೆ. "ಆಮೇಲೆ ಇಸ್ತ್ರಿಪೆಟ್ಟಿಗೆಗೂ ಅದೇ ನೀರು ಹಾಕ್ಬೇಕು ಅಂದ್ರಿ. ತಗೊಳ್ಳೋ ಮುಂಚೆ ಕೇಳ್ಬೇಕು ಅಂತಲೂ ಅಂದ್ರಿ. ಎಷ್ಟು ತಗೊಂಡೆ, ಯಾಕೆ ತಗೊಂಡೆ, ಚೆಲ್ಲಿದ್ಯಾ. ನಿಮ್ಮನ್ನ ಕೇಳೋದಕ್ಕಿಂತ ನಲ್ಲಿ ತಿರುಗಿಸೋದು ಸುಲಭ ಆಗಿತ್ತು. ನಿಮ್ಮ ಅಂಗಿಗೆ ಇಸ್ತ್ರಿ ಮಾಡೋಕೆ ತಾನೇ ತಗೊಂಡಿದ್ದು."

ಬೈಗುಳಗಳೆಲ್ಲ ನಾಲಗೆಯ ತುದಿಗೆ ಬಂದು ಸಾಲಾಗಿ ನಿಂತವು. ಅವುಗಳಲ್ಲಿ ಯಾವುದನ್ನು ಮೊದಲು ಆಡಲಿ ಎಂದು ನೋಡುತ್ತಿರುವಾಗಲೇ ಇನ್ನೊಂದು ಪ್ರಶ್ನೆ ಅವನಿಗೇ ಬೇಡವಾಗಿದ್ದರೂ ಹೊರಬಿತ್ತು. "ಅವತ್ತು ಅಳಿಯಂದ್ರು ಹಾಕಿದ್ದು?"

"ಅವರು ಬಂದು ಕ್ಯಾನು ಕೊಡಿ ಅತ್ತೆ ಅಂದ್ರು. ಖಾಲಿಯಾಗಿತ್ತು. ಒಂದ್ನಿಮಿಷ ಇರಿ ಅಂತ ಹೇಳಿ ನಲ್ಲಿಗೆ ಹಿಡಿದೆ. ಹಿಂದೇನೇ ಬಂದು ನಿಂತು ನೋಡಿದ್ರು. ಏನೂ ಅನ್ನಲಿಲ್ಲ, ನಕ್ಕು ತಗೊಂಡು ಹೋದ್ರು." ಅವಳು ತಟ್ಟೆ ಕೆಳಗಿಟ್ಟಳು. "ನೀವು ಊಟದ ಹೊತ್ತಿಗೆ ಅವರನ್ನ ಹಿಡ್ಕೊಂಡಾಗ ನಾನು ಈ ಬಾಗಿಲಲ್ಲೇ ನಿಂತಿದ್ದೆ. ಅವರು ನನ್ನ ಮುಖ ನೋಡಿದ್ರು. ಹೇಳ್ಬೇಡಿ ಅಂತ ತಲೆ ಆಡಿಸ್ದೆ. ಮಗಳಿಗೂ ಗೊತ್ತು. ಬೀಗರಿಗೂ ಗೊತ್ತು. ನಿಮ್ಮೊಬ್ಬರನ್ನ ಬಿಟ್ಟು ಎಲ್ರಿಗೂ ಗೊತ್ತು."

ಅವನು ನಡುಮನೆಗೆ ಬಂದ. ಕೂತ, ಎದ್ದ. ನಾಚಿಕೆಯಾಗಬೇಕಿತ್ತು, ಆಯಿತೋ ಏನೋ, ಅದು ಮೇಲೆ ಬರುವ ಮೊದಲೇ ಸಿಟ್ಟು ಅದರ ತಲೆಯ ಮೇಲೆ ಹತ್ತಿ ಕೂತಿತ್ತು. ಐದು ಜನ ಸೇರಿಕೊಂಡು, ಬೀಗರನ್ನೂ ಸೇರಿಸಿಕೊಂಡು, ನಾಲ್ಕು ತಿಂಗಳು ತನ್ನನ್ನು ಹುಚ್ಚನ ಹಾಗೆ ಸಂಭಾಳಿಸಿದರು. ತಾನು ಪುರಾವೆ ಪುರಾವೆ ಎಂದು ಕಾರಿಗೆ ಕಾವಲು ಕೂತಿದ್ದಾಗ ಅವರೆಲ್ಲ ಏನೆಂದುಕೊಂಡಿರಬೇಕು. ಬೈಸಿಕೊಂಡವನು ದೊಡ್ಡ ಮನುಷ್ಯನಾದ, ಬೈದವನು ಸಣ್ಣವನಾದ. ಯಾರು ಕೇಳಿದ್ದರು ಈ ದೊಡ್ಡತನವನ್ನು? ಇವತ್ತು ಬೆಳಿಗ್ಗೆಯಾದರೂ ಒಬ್ಬರು ಬಾಯಿ ಬಿಟ್ಟಿದ್ದರೆ ಆ ಫೋಟೋ ಹೋಗುತ್ತಿರಲಿಲ್ಲ. ಫೋನ್ ತೆಗೆದು ನೋಡಿದ: ಫೋಟೋ, ಕೆಳಗೆ ಅವನ ಎರಡು ಸಾಲು, ಅದರ ಕೆಳಗೆ ಏನೂ ಇಲ್ಲ. ಮಗಳಿಗೆ ಕರೆ ಮಾಡಿದ. ಉದ್ದಕ್ಕೂ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ತಪ್ಪಾಯ್ತು ಎನ್ನುವುದು, ಅಷ್ಟೇ, ಒಂದು ಮಾತು, ಆಮೇಲೆ ಹೋಗಿ ಮಗುವನ್ನು ಎತ್ತಿಕೊಳ್ಳುವುದು. ಮನಸ್ಸಿನಲ್ಲಿ ಎರಡು ಸಲ ಅಂದುಕೊಂಡ, ಸರಿಯಾಗಿಯೇ ಬಂತು.

ಫೋನೆತ್ತಿದವನು ಅಳಿಯ. "ಹೇಳಿ ಮಾವ." ಆ ದನಿಯಲ್ಲಿ ಒಂದಿಷ್ಟೂ ಮುನಿಸಿರಲಿಲ್ಲ, ಅದೇ ಅವನನ್ನು ಕೆಡಿಸಿತು.

"ಯಾಕೆ ಹೇಳಲಿಲ್ಲ?" ಎಂದು ಅರಚಿದ. "ಗೊತ್ತಿತ್ತಲ್ಲ ನಿಮಗೆ. ಕಣ್ಣಾರೆ ನೋಡಿದ್ರಲ್ಲ. ಬಾಯಿ ಇರ್ಲಿಲ್ವಾ? ನಾನು ಅಷ್ಟು ಅಂದಾಗ, ನಿಮ್ಮ ಅಪ್ಪ ಅಮ್ಮನ ಮುಂದೆ ಅಂದಾಗ, ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?"

ಆ ಕಡೆ ಹಿಂದೆಲ್ಲೋ ಮಗುವಿನ ಕೇಕೆ ಕೇಳಿಸಿತು. ಇಪ್ಪತ್ತು ದಿನದ ಕೂಸಿನ ಅಳು ಮಾತ್ರ ಕೇಳಿದ್ದ ಅವನಿಗೆ ಅದು ಯಾರ ದನಿಯೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

"ಬೈಸಿಕೊಂಡವನು ನಾನು ಎದ್ದು ಬರಬಹುದಿತ್ತು ಮಾವ, ಬಂದೆ" ಎಂದ ಅಳಿಯ. "ಹೇಳಿದ್ದಿದ್ರೆ ಅತ್ತೆ ಎದ್ದು ಎಲ್ಲಿಗೆ ಹೋಗಬೇಕಿತ್ತು?"

"ಮಗಳಿಗೆ ಕೊಡಿ."

"ಇಲ್ಲೇ ಇದ್ದಾಳೆ. ಫೋಟೋ ನೋಡಿದ್ಲು. ಈಗ ಬೇಡ ಅಂತಾಳೆ." ಮತ್ತೆ, ಮೆತ್ತಗೆ, "ಇಡ್ಲಾ ಮಾವ?"

"ಇಡಿ" ಎಂದ. ಮೆತ್ತಗೆ ಹೇಳಬೇಕೆಂದಿದ್ದ, ಗದರಿದ ಹಾಗೆ ಬಂತು. ಗೋಡೆಗೆ ಬಡಿದು ವಾಪಸ್ಸು ಬಂದ ತನ್ನ ದನಿಯನ್ನು ತಾನೇ ಕೇಳಿಸಿಕೊಂಡ. ಒಳಗೆ ಹೋಗಿ ಹೆಂಡತಿಗೆ ಒಂದು ಮಾತು ಹೇಳಬೇಕೆನಿಸಿತು, ಕಾಲೆತ್ತಿ ಎರಡು ಹೆಜ್ಜೆ ಇಟ್ಟ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮೂವತ್ತು ವರ್ಷದಿಂದ ಅವನು ಈ ಕಡೆಯಿಂದ ಆ ಕಡೆ ಹೆಜ್ಜೆಯಿಟ್ಟಾಗಲೆಲ್ಲ ಆ ಸದ್ದು ಹೀಗೆಯೇ ನಿಲ್ಲುತ್ತಿತ್ತು. ಅದನ್ನು ಅವನು ಮನೆಯ ಶಾಂತಿ ಎಂದುಕೊಂಡಿದ್ದ. ಅವಳಿಗೆ ಉಸಿರಾಡಲು ಬಿಡಬೇಕೆಂದರೆ ತಾನು ಇನ್ನೊಂದು ಹೆಜ್ಜೆ ಇಡಬಾರದು. ನಡುಮನೆಯಲ್ಲಿ ಅಲ್ಲಾಡದೆ ನಿಂತು ಆ ಸದ್ದು ಮತ್ತೆ ಶುರುವಾಗಲೆಂದು ಕಾದ. ಒಳಗೆ ಅವಳೂ ಕಾಯುತ್ತಿದ್ದಳು.